ಕಾಯಿ ಅಟ್ಟದ ಕೆಳಗೆ ಅಪ್ಪನ ಮಗ್ಗದ ಮರ

ನಾನು ಬಾಡಿಗೆಗೆ ಹಿಡಿದ ಮನೆಯಲ್ಲಿ ನನಗಿಂತ ಮೊದಲೇ ಆರು ಸಾವಿರ ತೆಂಗಿನಕಾಯಿಗಳಿದ್ದವು. ಇದನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಸುತ್ತ ತೋಟ ಎಂದಷ್ಟೇ ಗೊತ್ತಿತ್ತು. ಬಂದ ಮೊದಲ ಮಧ್ಯಾಹ್ನ ಪುಸ್ತಕದ ಪೆಟ್ಟಿಗೆ ಬಿಚ್ಚುತ್ತಿದ್ದಾಗ ತಲೆಯ ಮೇಲೆ ಏನೋ ಈ ಗೋಡೆಯಿಂದ ಆ ಗೋಡೆಯವರೆಗೆ ಉರುಳಿಹೋಗಿ ನಿಂತಿತು. ಹಲಗೆಗಳ ಸಂದಿಯಿಂದ ಕಂದು ಬಣ್ಣದ ಧೂಳು ಸುರಿದು ನನ್ನ ಚಹಾದೊಳಗೆ ಬಿತ್ತು. ನಾನು ಹೊರಗೆ ಓಡಿದೆ. ಮನೆಯ ಒಡತಿ ಶಿವಗಂಗಮ್ಮನವರು ಅಂಗಳದಲ್ಲಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ತಲೆಯನ್ನೂ ಎತ್ತಲಿಲ್ಲ.

“ಕಾಯಿ ಕಣವ್ವ,” ಎಂದರು. “ಒಂದು ಜಾರಿದ್ರೆ ಮಿಕ್ಕವು ಜಾಗ ಸರಿ ಮಾಡ್ಕಳ್ತವೆ. ಕೆಳಗಡೆ ನಿಂದು, ಅಟ್ಟ ನಮ್ದು. ಅವು ನಿನ್ ತಂಟೆಗೆ ಬರಲ್ಲ, ನೀನು ಅವುಗಳ ತಂಟೆಗೆ ಹೋಗ್ಬೇಡ.”

ಗುಳೇದಗುಡ್ಡದ ನಮ್ಮ ಓಣಿಯಲ್ಲಿ ತೆಂಗಿನಕಾಯಿ ಎಂದರೆ ಶುಕ್ರವಾರ ಅಂಗಡಿಯಿಂದ ಒಂದೇ ಒಂದು ತರುವ ವಸ್ತು. ಒಡೆದು ಒಂದು ಹೋಳು ದೇವರಿಗೆ, ಇನ್ನೊಂದು ಹೋಳು ವಾರದ ಚಟ್ನಿಗೆ. ಇಲ್ಲಿ ಅದಕ್ಕೆ ತೆಂಗು ಎಂಬ ಹೆಸರನ್ನೂ ಸೇರಿಸುವುದಿಲ್ಲ. ಬರೀ ‘ಕಾಯಿ’. ಬೇರೆ ಕಾಯಿಗಳೆಲ್ಲ ತಮ್ಮ ಹೆಸರು ಹೇಳಿಕೊಳ್ಳಬೇಕು. ಮಟ್ಟೆ ಸಮೇತ ಇವನ್ನು ಅಟ್ಟಕ್ಕೆ ಏರಿಸಿ ವರ್ಷದಷ್ಟು ಕಾಲ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಇಡಿಯ ಉಂಡೆಯಾಗುತ್ತದೆ. ನಮ್ಮ ಕಡೆ ಮದುವೆಗಳಲ್ಲಿ ಬಟ್ಟಲು ಬಟ್ಟಲಾಗಿ ಹಂಚುವ ಒಣಕೊಬ್ಬರಿ ಹುಟ್ಟುವುದು ಇಂಥ ಮನೆಗಳ ಕತ್ತಲಲ್ಲಿ. ಅದು ಯಾರದೋ ಹಾಸಿಗೆಯ ನೆತ್ತಿಯ ಮೇಲೆ ಹುಟ್ಟುತ್ತದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ.

ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಮನೆ ಇರುವುದು ಕಿಬ್ಬನಹಳ್ಳಿಯ ಬಳಿ, ಇಲ್ಲಿಯವರ ಬಾಯಲ್ಲಿ ‘ಕೆ.ಬಿ. ಕ್ರಾಸ್’ ಆದ ಹೆದ್ದಾರಿ ಕೂಡುರಸ್ತೆಯಿಂದ ಒಳಗೆ ಒಂದು ಮೈಲಿ. ಪಟ್ಟಣದಲ್ಲಿ ಒಂಟಿ ಹೆಣ್ಣಿಗೆ ಮನೆ ಕೊಡಲು ಮೂವರು ಹಿಂದೆ ಮುಂದೆ ನೋಡಿದರು. ಶಿವಗಂಗಮ್ಮನವರು ಮಾತ್ರ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಮುದ್ದೆ ತಿಂತೀಯಾ ಎಂದು ಕೇಳಿ, ನಾನು ಕಲಿಯುತ್ತೇನೆ ಎಂದದ್ದಕ್ಕೆ ಬೀಗದ ಕೈ ಕೊಟ್ಟರು. ಕಲಿತೆ. ಅಗಿಯದೆ ನುಂಗುವುದಕ್ಕೆ ಎರಡು ತಿಂಗಳು ಹಿಡಿಯಿತು. ಈಗ ಬಸ್ಸಾರಿನ ಜೊತೆ ಒಂದು ಮುದ್ದೆ ಸಲೀಸಾಗಿ ಇಳಿಯುತ್ತದೆ. ಈ ಊರಿನಲ್ಲಿ ನಾನು ಗೆದ್ದದ್ದು ಅದೊಂದೇ.

ಮಿಕ್ಕದ್ದೆಲ್ಲ ಕಿರಿಕಿರಿ. ಮಳೆಗಾಲದಲ್ಲಿ ಅಟ್ಟದ ಕಾಯಿಗೆ ಬೂಷ್ಟು ಹಿಡಿಯಬಾರದೆಂದು ಕೆಳಗಿನಿಂದ ಮಟ್ಟೆಯ ಹೊಗೆ ಕೊಡುತ್ತಾರೆ. ಕೆಳಗೆ ಎಂದರೆ ನನ್ನ ಮನೆಯಲ್ಲಿ. ಕಾಲೇಜಿನಿಂದ ಬಂದರೆ ಕೋಣೆಯ ತುಂಬ ಹೊಗೆ. ಪರದೆ, ತಲೆದಿಂಬು, ಪುಸ್ತಕದ ಹಾಳೆ ಎಲ್ಲಕ್ಕೂ ಒಂದೇ ವಾಸನೆ. ಗ್ರಂಥಾಲಯದಲ್ಲಿ ಒಬ್ಬ ವಿದ್ಯಾರ್ಥಿನಿ ಬಹಳ ಮರ್ಯಾದೆಯಿಂದ, ನಿಮ್ಮ ಮನೆಯಲ್ಲಿ ಇನ್ನೂ ಸೌದೆ ಒಲೆಯೇ ಮೇಡಂ ಎಂದು ಕೇಳಿದಳು. ನನ್ನ ಮಾತು ಕಡಿಮೆ. ಹೌದು ಎಂದುಬಿಟ್ಟೆ.

ಇಂಥ ಮನೆಯನ್ನು ನನ್ನದಾಗಿ ಮಾಡಿಕೊಳ್ಳಲು ನನಗೆ ಗೊತ್ತಿದ್ದ ದಾರಿ ಒಂದೇ. ಹಳೆಯ, ಯಾರಿಗೂ ಬೇಡವಾದ ಸಾಮಾನು ಹುಡುಕಿ ತಂದು, ತೊಳೆದು, ಮತ್ತೊಂದು ಕೆಲಸಕ್ಕೆ ಹಚ್ಚುವುದು. ಧಾರವಾಡದ ಹಾಸ್ಟೆಲಿನಲ್ಲಿದ್ದಾಗಲೇ ಈ ಅಭ್ಯಾಸ ಹತ್ತಿತ್ತು. ಗಾಜು ಒಡೆದ ಲಾಟೀನು ಹೂದಾನಿಯಾಗುತ್ತಿತ್ತು, ಕುಪ್ಪಸದ ಹರಿದ ಖಣದ ತುಂಡು ಕಟ್ಟು ಹಾಕಿಸಿಕೊಂಡು ಗೋಡೆ ಏರುತ್ತಿತ್ತು. ಗೆಳತಿಯರು ಇದನ್ನು ಹವ್ಯಾಸ ಎನ್ನುತ್ತಿದ್ದರು. ನಾನು ಅವರಿಗೆ ಪೂರ್ತಿ ಹೇಳಿರಲಿಲ್ಲ. ಎಂ.ಎ. ಎರಡನೆಯ ವರ್ಷದಲ್ಲಿ ಇದ್ದಾಗ, ಖಣ ನೇಯುತ್ತಿದ್ದ ಅಪ್ಪ ಮಗ್ಗ ಬಿಚ್ಚಿದರು. ನಾನು ಬರುವವರೆಗೆ ತಡೆಯಿರಿ ಎಂದು ಫೋನಿನಲ್ಲಿ ಹೇಳಿದ್ದೆ. ಹತ್ತು ದಿನ ಬಿಟ್ಟು ಹೋದಾಗ ಪಡಸಾಲೆಯಲ್ಲಿದ್ದ ಮಗ್ಗದ ಕುಣಿಗೆ ಮಣ್ಣು ತುಂಬಿ ಫರಸಿ ಕಲ್ಲು ಹಾಸಿಯಾಗಿತ್ತು. ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಜಾಗದಲ್ಲಿ ಫ್ರಿಜ್ಜು ನಿಂತಿತ್ತು. ಮಗ್ಗದ ಮರ ಹೆಚ್ಚುಕಡಿಮೆ ಎಲ್ಲ ಒಲೆಗೆ ಹೋಗಿತ್ತು. ಆಮೇಲೆ ಮೂರು ವರ್ಷ ನಾನೂ ಅಪ್ಪನೂ ಆರೋಗ್ಯ, ಮಳೆ, ಬಸ್ಸಿನ ಸಮಯ ಇಷ್ಟನ್ನೇ ಮಾತಾಡಿದೆವು. ಯಾಕೆ ಕಾಯಲಿಲ್ಲ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಈ ಸೀಮೆಯಲ್ಲಿ ಹಳೆಯ ಸಾಮಾನಿಗೆ ಬರವಿಲ್ಲ. ಎಲ್ಲರೂ ಹಳೆಯ ಮನೆ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ತೋಟದ ಮೂಲೆಯಲ್ಲಿ ಕೆತ್ತನೆಯ ಬಾಗಿಲು ಮಳೆಯಲ್ಲಿ ನೆನೆಯುತ್ತಿರುತ್ತದೆ, ಹಿತ್ತಾಳೆಯ ಪಾವು ಸೇರುಗಳಲ್ಲಿ ಕೋಳಿಗೆ ನೀರು ಇಟ್ಟಿರುತ್ತಾರೆ. ಆದರೆ ಕೇಳಿದರೆ ಕೊಡುವುದಿಲ್ಲ. ಜಿಪುಣತನವಾಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಇದು ಧಾರಾಳತನ. ಮನೆಗೆ ಬಂದ ಹೆಣ್ಣುಮಗಳ ಕೈಗೆ ಹಳೆಯದು, ಮುಕ್ಕಾದದ್ದು, ಬಳಸಿ ಬಿಟ್ಟದ್ದು ಕೊಡಬಾರದು ಎಂಬುದು ಇಲ್ಲಿಯವರಲ್ಲಿ ಬಲವಾದ ಪದ್ಧತಿ. ಹೆಣ್ಣುಮಗಳು ಹೊರಟರೆ ಮಡಿಲು ತುಂಬಿ ಕಳಿಸಬೇಕು, ಅದರಲ್ಲಿಡುವ ಕಾಯಿಗೆ ಒಂದು ಬಿರುಕೂ ಇರಬಾರದು. ಅಂಥಲ್ಲಿ ನಾನು ಹೋಗಿ, ಆ ಸೊಟ್ಟ ಕಿಟಕಿ ಕೊಡಿ ಎಂದರೆ ಅವರು ನಾಚಿಕೊಳ್ಳುತ್ತಿದ್ದರು. ಒಂದು ಮನೆಯಲ್ಲಿ ಕಿಟಕಿ ಕೇಳಿ ಪ್ಲಾಸ್ಟಿಕ್ ಕುರ್ಚಿ ಹೊತ್ತು ಬಂದೆ. ಇನ್ನೊಂದು ಮನೆಯಲ್ಲಿ ತೂತು ಕೊಡ ಕೇಳಿದ್ದಕ್ಕೆ ಸ್ಟೀಲಿನ ಡಬ್ಬ ಸಿಕ್ಕಿತು, ಒಳಗೆ ರವೆಉಂಡೆ ಬೇರೆ.

ಶಿವಗಂಗಮ್ಮನವರ ಅಡುಗೆಮನೆಯಲ್ಲಿ ಮೆಣಸು, ಜೀರಿಗೆ ಹಾಕಿಡುವ ಐದು ಕುಳಿಯ ಮರದ ಬಟ್ಟಲೊಂದಿತ್ತು. ಒಂದೇ ಮರದಲ್ಲಿ ತೋಡಿದ್ದು, ಕೈ ತಾಗಿ ತಾಗಿ ಕಪ್ಪಗೆ ಹೊಳೆಯುತ್ತಿತ್ತು. ಬಹಳ ದಿನ ಯೋಚಿಸಿ, ಅದು ನಿಮಗೆ ಬೇಡವಾದಾಗ ನನಗೆ ಕೊಡುತ್ತೀರಾ ಎಂದು ಕೇಳಿದೆ. ಅವರು ಜೋರಾಗಿ ನಕ್ಕರು. ಮರುದಿನ ನನ್ನ ಬಾಗಿಲಲ್ಲಿ ಗಾಜಿನ ಮುಚ್ಚಳದ ಹೊಸ ಸ್ಟೀಲ್ ಡಬ್ಬಿ ಇತ್ತು. ತಿಂಗಳು ಕಳೆದು ಕ್ರಾಸಿನ ಗುಜರಿ ಅಂಗಡಿಗೆ ಹೋದಾಗ, ನಮ್ಮ ಕಡೆ ಮೋಡಕಾ ಎನ್ನುತ್ತೇವಲ್ಲ ಅಂಥ ಅಂಗಡಿ, ತಗಡಿನ ರಾಶಿಯ ಮೇಲೆ ಅದೇ ಐದು ಕುಳಿಯ ಬಟ್ಟಲು ಕೂತಿತ್ತು. ಕೊಂಡು ತಂದೆ. ನೆಲದ ಮೇಲೆ ಕೂತು ಒಂದು ಭಾನುವಾರ ಪೂರ್ತಿ ಅದನ್ನು ಸ್ವಚ್ಛ ಮಾಡಿ, ಗೋಡೆಗೆ ನೇತುಹಾಕಿ, ಕುಳಿಗಳಲ್ಲಿ ಕಿವಿಯೋಲೆ, ಗುಂಡುಸೂಜಿ, ಬಸ್ಸಿನ ಚಿಲ್ಲರೆ ಇಟ್ಟೆ.

ಹೊಗೆ ಹಾಕಲು ಬಂದ ಶಿವಗಂಗಮ್ಮನವರು ಅದರ ಮುಂದೆ ನಿಂತರು.

“ಇದು ನಮ್ಮತ್ತೇದಲ್ವೇನವ್ವ?”

ನಾನು ನಿಜ ಹೇಳಿದೆ.

“ಗುಜರೀಲಿ ತಂದ್ಯಾ? ನೋಡಿದ ಜನ ಏನನ್ಕತಾರೆ? ಬಾಡಿಗೆಗೆ ಬಂದ ಮಗೀಗೆ ಬಿಸಾಕಿದ್ದನ್ನ ಕೊಟ್ಟವ್ಳೆ ಅನ್ನಲ್ವಾ? ನಿಂಗೆ ನಾನೇನ್ ಕಮ್ಮಿ ಮಾಡಿದ್ನೇ?”

ಹಳೆಯದು ನನಗೆ ಚೆಂದ ಕಾಣುತ್ತದೆ ಎಂದೆ. ಅವರು ಬಟ್ಟಲನ್ನೇ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಮಾತು ಅವರಿಗೆ ಸುಳ್ಳಿನ ಹಾಗೆ ಕೇಳಿಸಿರಬೇಕು. ಎರಡು ವಾರ ಅಂಗಳದಾಚೆಯ ಅವರ ಮನೆಯಿಂದ ಎಂದಿನ ಸಾರು ಬರಲಿಲ್ಲ. ಮೂರನೆಯ ವಾರ ಬಂತು, ಜೊತೆಗೆ ಬಟ್ಟಲಿಗೆ ಕೊಬ್ಬರಿ ಎಣ್ಣೆ ಹಚ್ಚು ಎಂಬ ಸಲಹೆಯೂ ಬಂತು. ಈ ಊರಿನಲ್ಲಿ ತಲೆನೋವು, ಬಾಗಿಲಿನ ಕಿರುಗುಟ್ಟು, ಒಣಮರ ಎಲ್ಲಕ್ಕೂ ಮದ್ದು ಅದೇ. ಹಚ್ಚಿದೆ. ಮರುದಿನ ಬೆಳಿಗ್ಗೆ ಗೋಡೆಯುದ್ದಕ್ಕೂ ಇರುವೆಯ ಸಾಲು.

ಇಲ್ಲಿ ಯಾರ ಮನೆಯ ಹಳೆಯದೂ ನನಗೆ ದಕ್ಕುವುದಿಲ್ಲ ಎಂದು ಖಚಿತವಾದ ಮೇಲೆ ನಮ್ಮ ಮನೆಯದನ್ನೇ ತರುವುದೆಂದು ನಿರ್ಧರಿಸಿದೆ. ಮಗ್ಗದಲ್ಲಿ ಒಲೆಗೆ ಹೋಗದೆ ಉಳಿದದ್ದು ಒಂದೇ ಮರ. ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ, ನೇಕಾರನ ಹೊಟ್ಟೆಗೆ ತಾಗಿಕೊಂಡೇ ಇರುವ, ನಾಲ್ಕು ಅಡಿಯ ಚೌಕನೆಯ ಸಾಗವಾನಿ ತುಂಡು. ಅವ್ವ ಅದನ್ನು ಹಿತ್ತಲ ಬಾಗಿಲಿಗೆ ಒತ್ತು ಕೊಟ್ಟಿದ್ದಳು, ಹಾಗಾಗಿ ಉಳಿಯಿತು. ಒಂದು ಖಣ ಮುಗಿದು ಬಟ್ಟೆ ಕೊಯ್ಯುವಾಗಲೆಲ್ಲ ಅಪ್ಪನ ಚಾಕು ಅದಕ್ಕೆ ತಾಗುತ್ತಿತ್ತು. ಮರ ತಿರುಗುತ್ತಲೇ ಇರುವುದರಿಂದ ನಾಲ್ಕು ಮುಖದ ಮೇಲೂ ಸಣ್ಣ ಸಣ್ಣ ಕಚ್ಚುಗಳು. ಅಂಚುಗಳು ಅಪ್ಪನ ಹೊಟ್ಟೆಗೆ ಉಜ್ಜಿ ಉಜ್ಜಿ ಸವೆದು ದುಂಡಗಾಗಿದ್ದವು. ಚಿಕ್ಕವಳಿದ್ದಾಗ ಮಗ್ಗದ ಪಕ್ಕ ಕೂತು ಆ ಕಚ್ಚುಗಳಲ್ಲಿ ಉಗುರು ಇಟ್ಟು ಎಣಿಸುತ್ತಿದ್ದೆ. ನಾನು ಎಣಿಕೆ ಕಲಿತದ್ದು ಅಲ್ಲಿಯೇ.

ದೀಪಾವಳಿಗೆ ಹೋದವಳು ಅದನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಅಪ್ಪ ನೋಡಿದರು. ಶಿವರಾತ್ರಿ ಕಳೆದ ಮೇಲೆ ನಿನ್ನ ಮನೆ ನೋಡಲು ಬರುತ್ತೇನೆ ಎಂದಷ್ಟೇ ಹೇಳಿದರು. ಮೂರು ವರ್ಷದಲ್ಲಿ ಅವರು ತಾವಾಗಿ ಎತ್ತಿದ ಮೊದಲ ಮಾತು ಅದು. ನನ್ನ ಎಣಿಕೆ ಸರಳವಾಗಿತ್ತು. ಆ ಮರ ನನ್ನ ಗೋಡೆಯ ಮೇಲೆ, ಬಾಗಿಲ ಎದುರಿಗೇ ಇರಬೇಕು. ಅಪ್ಪ ಒಳಗೆ ಬಂದ ಕೂಡಲೆ ಅದನ್ನು ನೋಡಬೇಕು. ನೋಡಿದರೆ ಮಗ್ಗದ ಮಾತು ಬಂದೇ ಬರುತ್ತದೆ. ನಾನು ಕೇಳದೆ ಇಟ್ಟುಕೊಂಡದ್ದಕ್ಕೆ ಉತ್ತರವೂ ಬರುತ್ತದೆ.

ನಮ್ಮಲ್ಲಿ ಬಡಿಗೇರ ಎನ್ನುವವರನ್ನು ಇಲ್ಲಿ ಆಚಾರಿ ಎನ್ನುತ್ತಾರೆ. ಶಿವಗಂಗಮ್ಮನವರು ತೋರಿಸಿಕೊಟ್ಟವರು, ಹಳೆಯ ಗುಡಿಗೆ ಹೆಸರಾದ ಅರಳಗುಪ್ಪೆಯ ನಂಜುಂಡಾಚಾರಿ. ಐವತ್ತೈದರ ಆಸುಪಾಸಿನವರು, ಮಿತಭಾಷಿ, ಕಿವಿಯ ಮೇಲೆ ಸದಾ ಪೆನ್ಸಿಲು. ಮರವನ್ನು ಮೂಸಿ ನೋಡಿ, ನಮ್ಮ ಸಾಗವಾನಿಯನ್ನು ಒಳ್ಳೆಯ ತೇಗ ಎಂದರು. ನಾನು ಒಂದು ಹಾಳೆಯಲ್ಲಿ ಚಿತ್ರ ಬರೆದು, ಅಳತೆ ಹಾಕಿ ಕೊಟ್ಟೆ. ಆರು ಕೊಕ್ಕೆ, ಹಿಂದೆ ಗೋಡೆಗೆ ಕೂರಿಸಲು ಎರಡು ಪಟ್ಟಿ. ಕೆಳಗೆ ಗೆರೆ ಎಳೆದು ಬರೆದಿದ್ದೆ: ಮರವನ್ನು ಹೆರೆಯಬಾರದು, ಉಜ್ಜಬಾರದು, ಬಣ್ಣ ಬೇಡ. ಬಾಯಲ್ಲೂ ಹೇಳಿದೆ. ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟು ತಲೆಯಾಡಿಸಿದರು.

ಅಪ್ಪ ಬರುವುದಕ್ಕೆ ಎರಡು ದಿನ ಮುಂಚೆ ಕಾಲೇಜಿನಿಂದ ಬಂದು ಬೀಗ ತೆಗೆಯುತ್ತೇನೆ, ಗೋಡೆಯ ಮೇಲೆ ಹೊಚ್ಚಹೊಸದೊಂದು ಮರ. ಜೇನಿನ ಬಣ್ಣದ್ದು, ನುಣ್ಣಗೆ, ವಾರ್ನಿಷ್ ಹೊಡೆದು, ಸಂಜೆಯ ಬಿಸಿಲು ಅದರಲ್ಲಿ ಮುಖ ನೋಡಿಕೊಳ್ಳುತ್ತಿತ್ತು. ಕಚ್ಚುಗಳಿಲ್ಲ. ಸವೆದ ಅಂಚಿಲ್ಲ, ಹೆರೆದು ಹೆರೆದು ನೆಟ್ಟಗೆ ಮಾಡಿದ್ದರು. ಶಿವಗಂಗಮ್ಮನವರ ಹತ್ತಿರವಿದ್ದ ಇನ್ನೊಂದು ಬೀಗದ ಕೈಯಲ್ಲಿ ಒಳಗೆ ಬಂದು ಕೂರಿಸಿ, ಅವರಿಬ್ಬರೂ ನನಗಾಗಿ ಅಂಗಳದಲ್ಲಿ ಕಾಯುತ್ತ ಕೂತಿದ್ದರು.

ನಾನು ಹೊರಗೆ ಬಂದು, ಹೆರೆಯಬೇಡಿ ಎಂದು ಬರೆದುಕೊಟ್ಟಿದ್ದೆನಲ್ಲ ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಆಚಾರಿ ಮೊದಲು ಶಿವಗಂಗಮ್ಮನವರನ್ನು ನೋಡಿದರು.

“ಅಮ್ಮಾರು ಹೇಳಿದ್ರು, ನಿಮ್ಮ ತಂದೇರು ಬತ್ತಾರಂತೆ, ಚೆನ್ನಾಗಿ ಮಾಡ್ಕೊಡು ಅಂತ. ಗಾಯ ಬಿದ್ದ ಮರಾನ ಅಂಗೇ ಕೊಟ್ರೆ ಆಚಾರಿ ಕೆಲ್ಸ ಅಂತಾರೇನವ್ವಾ? ನನ್ ಕೈಗ್ ಬಂದ ಮರ, ಹೆರಿಯೋ ತೋಪಡ ಕಾಣ್ದೆ ವಾಪಸ್ ಹೋಗಿಲ್ಲ.”

ನಿಮ್ಮ ಊರಿನ ಗುಡಿಯಲ್ಲಿ ಅಷ್ಟು ಹಳೆಯ ಕಂಬಗಳಿವೆಯಲ್ಲ, ಅವನ್ನೂ ಹೆರೆದು ನುಣ್ಣಗೆ ಮಾಡುತ್ತೀರಾ ಎಂದು ನಾನು ಕೇಳಿದೆ. ಅಷ್ಟು ಕಟುವಾಗಿ ನಾನು ಯಾರಿಗೂ ಮಾತಾಡಿದವಳಲ್ಲ.

“ಅದು ಕಲ್ಲು ಕಣಮ್ಮ, ದೇವ್ರುದು,” ಎಂದರು ಆಚಾರಿ, ಸ್ವಲ್ಪವೂ ಸಿಟ್ಟಿಲ್ಲದೆ. “ಇದು ಮರ. ಮನೇದು.”

ಶಿವಗಂಗಮ್ಮನವರು, “ಹೋಗ್ಲಿ ಬುಡು ಆಚಾರಿ, ಮಗು ಕಾಲೇಜಿಂದ ದಣ್ಕಂಡು ಬಂದದೆ,” ಎಂದು ಎದ್ದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಾಗಿಲ ಹಿಂದೆ ನಿಂತು ಕೇಳಿದರೆ ಆಚಾರಿ ತಗ್ಗಿದ ದನಿಯಲ್ಲಿ, ಬಣ್ಣ ಇನ್ನೂ ಒಂದು ಕೈ ಹೊಡೆಯಬೇಕಿತ್ತೇನೋ ಎಂದು ಕೇಳುತ್ತಿದ್ದರು. ತಪ್ಪೇನೆಂದು ಅವರಿಗೆ ತಿಳಿದೇ ಇರಲಿಲ್ಲ. ತಿಳಿದು ಮಾಡಿದ್ದರೆ ಜಗಳವಾಡಬಹುದಿತ್ತು. ಪ್ರೀತಿಯಿಂದ ಹಾಳು ಮಾಡಿದವರ ಜೊತೆ ಏನು ಮಾಡಬೇಕು ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಬೇರೆ ಊರಿನಲ್ಲಿ ಒಂಟಿತನವೆಂದರೆ ಮಾತಾಡಲು ಜನವಿಲ್ಲದಿರುವುದು ಎಂದುಕೊಂಡಿದ್ದೆ. ಇಲ್ಲಿ ಜನರಿದ್ದಾರೆ, ಬೇಕಾದದ್ದಕ್ಕಿಂತ ಹೆಚ್ಚು. ನನ್ನ ಜ್ವರದಲ್ಲಿ ಗಂಜಿ ಕಾಯಿಸಿಕೊಟ್ಟವರೂ ಅವರೇ. ಆದರೆ ನನಗೆ ಏನು ಬೇಕು ಎಂಬುದನ್ನು ಮಾತ್ರ ಅವರಿಗೆ ದಾಟಿಸಲಾರೆ. ಊರಿನಲ್ಲಾದರೆ ದಾಟುತ್ತಿತ್ತು ಎಂದು ಆ ಸಂಜೆ ಗಟ್ಟಿಯಾಗಿ ನಂಬಿದ್ದೆ.

ಅಪ್ಪ ಹುಬ್ಬಳ್ಳಿಗೆ ಬಂದು ರೈಲು ಹತ್ತಿ, ಬೆಳಿಗ್ಗೆ ತಿಪಟೂರಿನಲ್ಲಿ ಇಳಿದರು. ಧೋತರ, ಬಿಳಿಯ ಅಂಗಿ, ಟೋಪಿ, ಕೈಯಲ್ಲಿ ಚೀಲ, ಚೀಲದಲ್ಲಿ ಶಿವಗಂಗಮ್ಮನವರಿಗೆಂದು ಎರಡು ಖಣ ಮತ್ತು ನನಗೆ ಒಣಗಿಸಿದ ಕಟಿರೊಟ್ಟಿಯ ಗಂಟು. ಬಸ್ಸಿನ ಕಿಟಕಿಯಿಂದ ದಾರಿಯುದ್ದಕ್ಕೂ ತೆಂಗಿನ ಮರ ನೋಡುತ್ತ, ಇಷ್ಟೊಂದು ನೆರಳಿನಲ್ಲಿ ಇವರು ಬಟ್ಟೆ ಎಲ್ಲಿ ಒಣಗಿಸುತ್ತಾರೆ ಎಂದರು. ಮನೆಯೊಳಗೆ ಬಂದರು. ನಾನು ಒಂದು ಹೆಜ್ಜೆ ಹಿಂದೆಯೇ ನಿಂತೆ. ಅಪ್ಪ ಬಾಗಿಲ ಎದುರಿನ ಗೋಡೆ ನೋಡಿದರು, ನೇರ ಅಲ್ಲಿಗೆ ಹೋದರು, ಚೀಲವನ್ನು ಮೂರನೆಯ ಕೊಕ್ಕೆಗೆ ಸಿಕ್ಕಿಸಿ, ನಾಲ್ಕನೆಯದಕ್ಕೆ ಟೋಪಿ ಹಾಕಿ, ಬಚ್ಚಲು ಎಲ್ಲಿ ಎಂದು ಕೇಳಿದರು.

ಊಟವಾಗುವವರೆಗೆ ಕಾದೆ. ಆಮೇಲೆ ತಡೆಯಲಾಗದೆ, ಆ ಮರ ಗುರುತು ಸಿಕ್ಕಿತೇ ಎಂದೆ. ಅಪ್ಪ ಎದ್ದು ಹೋಗಿ ನೋಡಿದರು. ಎರಡು ಕೈಯಿಂದ ಹಿಡಿದರು, ಮಗ್ಗದಲ್ಲಿ ಕೂತಾಗ ಹಿಡಿಯುತ್ತಿದ್ದ ಹಾಗೆ.

“ಇದು ನಮ್ಮದ?”

ಹೌದು ಎಂದೆ. ಹೆರೆಯಬೇಡಿ ಎಂದು ಹೇಳಿದ್ದರೂ ಇಲ್ಲಿಯವರು ಕಚ್ಚನ್ನೆಲ್ಲ ತೆಗೆದುಬಿಟ್ಟರು, ಎಲ್ಲ ಹಾಳಾಯಿತು ಎಂದೆ. ಅಪ್ಪ ಅಂಗೈಯನ್ನು ಮರದ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆದರು.

“ಎಷ್ಟ ಛಲೋ ಹೆರದಾನ ನೋಡು,” ಎಂದರು. “ಆ ಕಚ್ಚಿಗೆ ನೂಲು ಸಿಕ್ಕಿ ಎಷ್ಟ ಸಲ ಹರೀತೋ ನಿನಗೇನ ಗೊತ್ತ. ಬಡಿಗ್ಯಾರಗ ಕೊಟ್ಟ ಹೆರಸಬೇಕಂತ ಮೂವತ್ತ ವರ್ಷ ಅನ್ಕೊಂಡೆ. ಮಗ್ಗ ಒಂದಿನ ನಿಲ್ಲಸಾಕ ಆಗಲಿಲ್ಲ.”

ಅಪ್ಪ ಮರವನ್ನು ಇನ್ನೂ ಹಿಡಿದೇ ಇದ್ದರು.

“ಮೂವತ್ತ ವರ್ಷ ಇದು ನನ್ನ ಹೊಟ್ಟಿಗೆ ಒತ್ತಿಗೊಂಡ ಕುಂತಿತ್ತವಾ. ಈಗ ಗ್ವಾಡಿಗೆ ಒತ್ತಿಗೊಂಡ ಕುಂತೈತಿ. ಛಲೋ ಆತು.”

ಆಗ ಕೇಳಿದೆ. ಹತ್ತೇ ದಿನ, ನಾನು ಬರುವವರೆಗೆ ಯಾಕೆ ತಡೆಯಲಿಲ್ಲ?

ಅಪ್ಪ ತಿರುಗಲಿಲ್ಲ. “ನೀ ಬಂದಿದ್ರ ಬ್ಯಾಡ ಅಂತಿದ್ದಿ,” ಎಂದರು. “ನೀ ಅಂದ್ರ ನಾ ಕೇಳ್ತಿದ್ದೆ. ಮತ್ತ ಅದರಾಗ ಕುಂದರಬೇಕಾಗ್ತಿತ್ತು.”

ಮೂರು ವರ್ಷ ಕಾದಿದ್ದ ಉತ್ತರ ಇಷ್ಟೇ ಇತ್ತು. ನಾನು ಎದ್ದು ತಟ್ಟೆ ತೊಳೆಯಲು ಹೋದೆ. ನನಗೆ ಅಳು ಬಂತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬಂದದ್ದು ಸಿಟ್ಟು. ನಾನು ಗೋಡೆಗೆ ಏರಿಸಿ ಪೂಜೆ ಮಾಡಬೇಕೆಂದಿದ್ದ ಗುರುತುಗಳು ಅಪ್ಪನಿಗೆ ದಿನದಿನದ ಕಾಟವಾಗಿದ್ದವು, ಅದನ್ನು ಹೇಳಲು ಅವರಿಗೆ ಒಬ್ಬರೂ ಇರಲಿಲ್ಲ. ನಾನು ಪಕ್ಕದಲ್ಲೇ ಕೂತು ಎಣಿಸುತ್ತಿದ್ದೆ.

ಮರುದಿನ ಆಚಾರಿ ಸಡಿಲವಾದ ಕೊಕ್ಕೆ ಬಿಗಿ ಮಾಡುವ ನೆವದಲ್ಲಿ ಬಂದರು. ಅಪ್ಪ ಅವರನ್ನು 'ಬರ್ರಿ ಬಡಿಗ್ಯಾರ' ಎಂದು ಕರೆದು ಕೂರಿಸಿಕೊಂಡರು. ಅವರು ಅಪ್ಪನನ್ನು ಯಜಮಾನ್ರೇ ಎಂದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಮಿಕ್ಕರ್ಧಕ್ಕೆ ಇಬ್ಬರೂ ಮರ ತಟ್ಟಿ ತೋರಿಸಿಕೊಂಡರು. ತೇಗ ಎಲ್ಲಿಯದು, ಎಷ್ಟು ಹಳೆಯದು, ಹೆರೆಯುವಾಗ ಗಂಟು ಎಲ್ಲಿ ಕೊಸರಿತು ಎಂದು ಒಂದು ಗಂಟೆ ಮಾತಾಡಿದರು. ನಾನು ಚಹಾ ಕೊಟ್ಟು ಕೊಟ್ಟು ಒಳಗೆ ಹೋದೆ. ಮಗ್ಗದ ಬಗ್ಗೆ ನನ್ನ ಜೊತೆ ಮೂರು ವರ್ಷ ಬಾಯಿ ಬಿಡದವರು ಗುರುತಿಲ್ಲದ ಊರಿನ ಆಚಾರಿಗೆ ಮಗ್ಗದ ಎಲ್ಲ ಮರಗಳ ಹೆಸರು ಹೇಳಿ, ನೆಲದ ಮೇಲೆ ಬೆರಳಿನಿಂದ ಗೀಚಿ ತೋರಿಸುತ್ತಿದ್ದರು.

ಹೊರಡುವ ದಿನ ಶಿವಗಂಗಮ್ಮನವರು ಅಪ್ಪನನ್ನು ಅಟ್ಟಕ್ಕೆ ಕರೆದೊಯ್ದರು. ಎರಡು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಕರೆದಿರಲಿಲ್ಲ. ನಾನು ಏಣಿಯ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದೆ. ಶಿವಗಂಗಮ್ಮನವರು ಒಂದು ಕಾಯಿ ಎತ್ತಿ ಅಪ್ಪನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಗಡಗಡ ಸದ್ದು.

“ನೀರು ಬತ್ತಿ ಚಿಪ್ಪು ಬುಟ್ಕಂಡದೆ,” ಎಂದರು. “ಅವಸ್ರ ಮಾಡಿ ಒಡುದ್ರೆ ಚಿಪ್ಪಿಗೆ ಅಂಟ್ಕಂಡು ಚೂರ್ ಚೂರೇ ಬತ್ತದೆ.”

ಅಪ್ಪ ಕಾಯಿಯನ್ನು ಇಸಿದುಕೊಂಡು ತಾವೂ ಅಲ್ಲಾಡಿಸಿ ಕೇಳಿದರು. ಅವರ ಚೀಲ ತುಂಬ ಉಂಡೆ ಕೊಬ್ಬರಿ ತುಂಬಿಸಿ ಕಳಿಸಿದರು ಶಿವಗಂಗಮ್ಮನವರು. ಒಂದೊಂದನ್ನೂ ಬೆಳಕಿಗೆ ಹಿಡಿದು, ಬಿರುಕಿಲ್ಲ ಎಂದು ನೋಡಿದ ಮೇಲೆ.

ಅಪ್ಪ ಊರಿಗೆ ಹೋದ ಮರುವಾರ ಗೋಡೆ ಒರೆಸುತ್ತಿದ್ದೆ. ಮರಕ್ಕೂ ಗೋಡೆಗೂ ನಡುವೆ ಪಟ್ಟಿಯಷ್ಟು ಸಂದಿ ಇದೆ. ಬಟ್ಟೆಯ ಜೊತೆ ಬೆರಳು ಒಳಗೆ ಹೋದವು, ಅಲ್ಲಿ ಮರ ಒರಟಾಗಿತ್ತು. ಕಚ್ಚುಗಳು. ಹಿಂದಿನ ಮುಖವನ್ನು ಆಚಾರಿ ಮುಟ್ಟಿರಲೇ ಇಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದೆ. ಅವರು ಸಿಕ್ಕಿಬಿದ್ದವರ ಹಾಗೆ ಮುಖ ಮಾಡಿ, ಗೋಡೆ ಕಡೆಗೆ ಹೋಗುವುದನ್ನು ಯಾರು ನೋಡುತ್ತಾರೆಂದು ಬಿಟ್ಟೆ, ಬೇಕಿದ್ದರೆ ಬಂದು ಅದನ್ನೂ ನುಣ್ಣಗೆ ಮಾಡಿಕೊಡುತ್ತೇನೆ ಎಂದರು. ಬೇಡ, ಬೇಡ ಎಂದು ಎರಡು ಸಲ ಹೇಳಿದೆ. ಈ ಸಲ ಕೇಳಿಸಿಕೊಂಡರೆಂದು ತೋರುತ್ತದೆ.

ಯುಗಾದಿಗೆ ಶಿವಗಂಗಮ್ಮನವರು ನನ್ನ ಬಾಗಿಲಿಗೆ ಮಾವಿನೆಲೆ ಕಟ್ಟಿ, ಒಳಗೆ ಬಂದು ಆ ಮರದ ಉದ್ದಕ್ಕೂ ಒಂದು ಪ್ಲಾಸ್ಟಿಕ್ ತೋರಣ ಇಳಿಬಿಟ್ಟರು. ಹಸಿರು ಎಲೆ, ಕೆಂಪು ಹೂವು, ನಡುನಡುವೆ ಹೊಳೆಯುವ ಮಣಿ. ಹೊಸದು, ಕವರಿನಿಂದ ಆಗ ತಾನೇ ತೆಗೆದದ್ದು. “ಈಗ ಮನೆ ಅನ್ಸ್ತದೆ ನೋಡು,” ಎಂದರು. ಹಬ್ಬ ಮುಗಿದ ಮೇಲೆ ತೆಗೆಯೋಣ ಎಂದುಕೊಂಡೆ. ಹಬ್ಬ ಮುಗಿದು ಎರಡು ತಿಂಗಳಾಯಿತು. ತೋರಣದ ಮೇಲೆ ಅಟ್ಟದ ಧೂಳು ಕೂತಿದೆ. ನನಗೆ ಅದು ಚೂರೂ ಇಷ್ಟವಿಲ್ಲ.

ಅಪ್ಪ ಈಗ ಫೋನಿನಲ್ಲಿ ಮಳೆ ಮತ್ತು ಬಸ್ಸಿನ ಜೊತೆಗೆ ಮರ ಹೇಗಿದೆ ಎಂದೂ ಕೇಳುತ್ತಾರೆ. ಹೊಳಪು ಹೋಗಿಲ್ಲ ತಾನೇ ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. ಎರಡು ತಿರುಪು ಬಿಚ್ಚಿ ಕೊಕ್ಕೆಗಳ ಜಾಗ ಬದಲಿಸಿದರೆ ಮರವನ್ನು ತಿರುಗಿಸಬಹುದು. ಕಚ್ಚುಗಳು ಮುಂದೆ ಬರುತ್ತವೆ. ನುಣುಪಿನ ಮುಖ ಗೋಡೆಗೆ ಹೋಗುತ್ತದೆ, ಅಪ್ಪನಿಗೆ ಇಷ್ಟವಾದದ್ದು ಆ ಮುಖ. ತಿರುಪುಳಿ ಕಿಟಕಿಯ ಮೇಲೆಯೇ ಇದೆ. ಕಾಲೇಜಿನಿಂದ ಬಂದು ಚೀಲ ಸಿಕ್ಕಿಸುವಾಗ ತೋರಣವನ್ನು ಬದಿಗೆ ಸರಿಸಿ ಬೆರಳನ್ನು ಸಂದಿಯೊಳಗೆ ಇಳಿಸಿ ಎಣಿಸುತ್ತೇನೆ. ಹನ್ನೊಂದು ಸಿಗುತ್ತವೆ. ಹನ್ನೆರಡನೆಯದು ಅಲ್ಲಿ ಇದೆಯೆಂದು ಚಿಕ್ಕಂದಿನಿಂದ ಗೊತ್ತು, ಬೆರಳು ಅಲ್ಲಿಯವರೆಗೆ ಹೋಗುವುದಿಲ್ಲ.